ಸಾಸಿವೆಗಿಂತ ಸಣ್ಣ ಹುಳು

೧೪ ಮಾರ್ಚ್, ಭಾನುವಾರ

ನನ್ನ ಬಂಗಾರದ ಮಗಳೇ,

ಹೇಗಿದ್ದೀಯ? ಅಂಗಡಿ ಹೇಗಿದೆ? ಎರಡು ತಿಂಗಳಿಂದ ಕಾಗದವಿಲ್ಲ, ತಪ್ಪು ನನ್ನದೇ. ಲೆಕ್ಕ ಒಪ್ಪಿಸುತ್ತೇನೆ, ಕೇಳು. ಕಣ್ಣಿನ ಆಪರೇಷನ್ನಿಗೆಂದು ಮೂರು ವಾರಕ್ಕೆ ನಿನ್ನ ಸೋದರಮಾವನ ಮನೆಗೆ ಬಂದವಳು ಹನ್ನೊಂದು ತಿಂಗಳು ಕೂತೆ. ಎರಡು ಕನ್ನಡಕ ಹೋದವು. ನಿನ್ನ ಮಾವನ ತಾಳ್ಮೆ ಹೋಯಿತು. ಇಷ್ಟಕ್ಕೆಲ್ಲ ಬಂದದ್ದು ಒಂದು ಬಸವನಹುಳು, ಸಾಸಿವೆ ಕಾಳಿಗಿಂತ ಸಣ್ಣದು. ಆದರೆ ಜಗತ್ತಿನಲ್ಲಿ ಇದುವರೆಗೆ ಯಾರೂ ಹೆಸರಿಡದ ಹುಳು!

ನಿನ್ನ ಮಾವ ಕಾವಲಿರುವ ಮ್ಯೂಸಿಯಮ್ಮಿನಲ್ಲಿ ಆಳ ಸಮುದ್ರದ ಕೆಸರನ್ನು ಜಾಡಿಗಳಲ್ಲಿ ತುಂಬಿಟ್ಟಿದ್ದಾರೆ. ಅದರಿಂದ ಚಿಪ್ಪು ಹೆಕ್ಕಲು ಜನ ಸಾಲದು ಎಂದರು, ಅಲ್ಲಿ ಚಿಪ್ಪುಗಳನ್ನು ಅಭ್ಯಾಸ ಮಾಡುವ ಮೇಡಂ. ಮೂವತ್ತು ವರ್ಷ ಅಂಗಡಿಯಲ್ಲಿ ಅಂಗಿ ಗುಂಡಿ ಮಾರಿದವಳಿಗೆ ಹೆಕ್ಕುವುದನ್ನು ಹೇಳಿಕೊಡಬೇಕೆ? ಏಳನೆಯ ಜಾಡಿಯ ಚೀಟಿಯನ್ನು ದೀಪದ ಹತ್ತಿರ ಹಿಡಿದು ಮತ್ತೆ ಓದಿದೆ. ನಿನ್ನ ಅಕ್ಷರ. ನೀನು ಹಡಗಿನಲ್ಲಿ ಹೋದ ಆ ಒಂದೇ ಸಲ ಎತ್ತಿದ ಕೆಸರು. ಹನ್ನೆರಡು ವರ್ಷ ಯಾರೂ ಮುಚ್ಚಳ ತೆಗೆದಿರಲಿಲ್ಲ.

ಅದರಲ್ಲಿ ಒಂದೇ ಥರದ ಮೂರು ಚಿಪ್ಪು ಸಿಕ್ಕವು. ಒಂದು ಮಂಕಾಗಿತ್ತು. ಹಿತ್ತಾಳೆ ಗುಂಡಿಗೆ ಮಾಡುವಂತೆ ವಿನೆಗರಿಗೆ ಹಾಕಿದೆ. ನಾಲ್ಕು ಗುಳ್ಳೆ ಎದ್ದವು, ಚಿಪ್ಪೇ ಇಲ್ಲ! ಚಿಪ್ಪಿನ ಮೇಡಂ ತಲೆ ಹಿಡಿದುಕೊಂಡರು.

"ಅಯ್ಯೋ ಅಮ್ಮಾ, ಇದೇನು ಕೋಟಿನ ಗುಂಡಿನಾ? ಕರಗೇ ಹೋಯ್ತಲ್ಲ! ಹೋಗ್ಲಿ ಬಿಡಿ, ಹೇಗೂ ಗೊತ್ತಿರೋ ಹುಳದ್ದೇ ಮರಿ ಅದು."

"ಎರಡು ತೂತಿನ ಗುಂಡಿ ಬೆಳೆದು ನಾಲ್ಕು ತೂತಿಂದು ಆಗುತ್ತಾ ಮೇಡಂ? ಉಳಿದೆರಡರ ತುದಿ ನೋಡಿ ಸ್ವಲ್ಪ."

ಬಸವನಹುಳು ಬೆಳೆಯುತ್ತ ಚಿಪ್ಪಿಗೆ ಸುತ್ತು ಸೇರಿಸಿಕೊಳ್ಳುತ್ತದೆ. ಮರಿಯಾಗಿದ್ದಾಗಿನ ಚಿಪ್ಪು ತುದಿಯಲ್ಲಿ ಹಾಗೇ ಉಳಿಯುತ್ತದೆ. ಗೊತ್ತಿದ್ದ ಹುಳುವಿನ ತುದಿ ನುಣುಪು. ಭೂತಗನ್ನಡಿಯಲ್ಲಿ ನೋಡಿದರೆ ನಮ್ಮದರಲ್ಲಿ ಜೇನುಗೂಡಿನಂಥ ಕುಳಿಗಳು. ಮೇಡಂ ದೊಡ್ಡ ಯಂತ್ರದಲ್ಲಿಟ್ಟು ನೋಡಿದರು, ಕೂತರು, ಎದ್ದರು, ಕೂಗಿ ನನ್ನನ್ನು ತಬ್ಬಿಕೊಂಡರು. ಏನೋ ಒಡೆಯಿತೆಂದು ನಿನ್ನ ಮಾವ ಬಾಗಿಲು ಬಿಟ್ಟು ಓಡಿ ಬಂದ.

ಈ ಹುಳುವಿನ ಬಗ್ಗೆ ಮೇಡಂ ಬರೆದ ಲೇಖನ ನಿನ್ನೆ ಅಚ್ಚಾಯಿತು. ಹುಳುವಿಗೆ ನಿನ್ನ ಹೆಸರನ್ನೇ ಇಟ್ಟಿದ್ದಾರೆ. "ಈ ಚೀಟಿ ಬರೆದ ಹುಡುಗಿ ಎಲ್ಲಿದ್ದಾಳಮ್ಮಾ? ಜೂನ್‌ನಲ್ಲಿ ಹಡಗು ಹೊರಡುತ್ತೆ, ಒಂದು ಜಾಗ ಖಾಲಿ ಇದೆ" ಎಂದರು ಮೇಡಂ. ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಬೀಗದ ಕೈ ನನಗೆ ಕೊಟ್ಟು ನೀನು ಹೊರಡು. ನಗುನಗುತ್ತ ನೂರು ಕಾಲ ಬಾಳು.

ನಿನ್ನ ಅಮ್ಮ

ತಾ.ಕ.: ಇದು ಮರೆತದ್ದಲ್ಲ, ಹೆದರಿ ಕೊನೆಗೆ ಉಳಿಸಿಕೊಂಡದ್ದು. ಆಗ ಹಡಗಿನವರು ನಿನ್ನನ್ನು ಎರಡನೆಯ ಸಲವೂ ಕರೆದಿದ್ದರು. ಫೋನು ಅಂಗಡಿಗೆ ಬಂತು. "ಅವಳಿಗೆ ಇಷ್ಟವಿಲ್ಲ" ಎಂದು ಇಟ್ಟುಬಿಟ್ಟೆ. ಅಂಗಡಿಗೆ ನೀನು ಬೇಕಿತ್ತು. ಅವರು ಮರೆತೇಬಿಟ್ಟರೆಂದು ನೀನು ಅತ್ತಾಗ ನಾನೇ ಕಣ್ಣೊರೆಸಿದೆ. ಬೈಯುವುದಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಬೈ, ಹಡಗು ಮಾತ್ರ ತಪ್ಪಿಸಬೇಡ.

ಹುಳುವಿಗೆ ಹೆಸರು ಬಂತು. ಮೇಡಂಗೆ ಲೇಖನ. ಮ್ಯೂಸಿಯಮ್ಮಿಗೆ ಎರಡು ಚಿಪ್ಪು. ನನಗೆ ಮತ್ತೆ ಅಂಗಡಿ. ನಿನಗೆ ಒಂದು ಹಡಗು, ಹನ್ನೆರಡು ವರ್ಷ ತಡವಾಗಿ.