ಖಾಲಿ ಪೆಟ್ಟಿಗೆಗೆ ಬೀಗ, ಚಾವಣಿಯ ದೀಪಕ್ಕೆ ಕಿವಿ

ನಗರ ಕಲಾಭವನದ ಆಡಳಿತಾಧಿಕಾರಿಗಳೇ,

ನನ್ನ ಕಲಾಪ್ರದರ್ಶನಕ್ಕೆ ನೀವು ಬೀಗ ಹಾಕಿಸಿದ್ದೀರಿ. ಮೇಜಿನ ಮೇಲೆ ನಾನಿಟ್ಟ 'ಕೇಳುವ ಪೆಟ್ಟಿಗೆ' ವೀಕ್ಷಕರ ಖಾಸಗಿತನಕ್ಕೆ ಧಕ್ಕೆ ತರುತ್ತದೆ ಎಂಬುದು ನಿಮ್ಮ ಕಾರಣ. ಮಾನ್ಯರೇ, ಅದರೊಳಗೆ ಹಸಿರು ಬಲ್ಬು, ಬ್ಯಾಟರಿ ಬಿಟ್ಟರೆ ಏನೂ ಇಲ್ಲ. ಅದರ ಎದುರು ಜನ ತಾವಾಗಿಯೇ ದನಿ ತಗ್ಗಿಸುತ್ತಾರಲ್ಲ, ಅದೇ ಕಲಾಕೃತಿ. ಉದ್ಘಾಟನೆಯ ದಿನ ತಾವೂ ತಗ್ಗಿಸಿದಿರಿ.

ಇದನ್ನು ನನಗೆ ಕಲಿಸಿದವರು ನನ್ನ ಅತ್ತೆ. ನನ್ನ ಗಂಡ ಅಡುಗೆಮನೆಗೆ ಅಂಥದ್ದೇ ಒಂದು ಪೆಟ್ಟಿಗೆ, ಮಾತು ಕೇಳಿಸಿಕೊಂಡು ಹಾಡು ಹಾಕುವ ನಿಜವಾದದ್ದು, ತಂದಿಟ್ಟ ಮೇಲೆ ಅವರು ಮನಸ್ಸಿನ ಮಾತಾಡುವ ಮುಂಚೆ ಅದರ ಮೇಲೊಂದು ಪಾತ್ರೆ ಬೋರಲು ಹಾಕುತ್ತಿದ್ದರು. ಮಗನನ್ನು ಬೈದು ಮುಗಿದ ಮೇಲೆ ಪಾತ್ರೆ ತೆಗೆದು, "ಈಗ ಹಾಡು ಹಾಕಪ್ಪ" ಅನ್ನುತ್ತಿದ್ದರು.

ಉದ್ಘಾಟನೆಯ ಹಿಂದಿನ ದಿನ ಅವರನ್ನು ನಿಮ್ಮ ಸಭಾಂಗಣಕ್ಕೆ ಕರೆತಂದಿದ್ದೆ. ಇದ್ದವರು ನಾವಿಬ್ಬರೇ. ಪೆಟ್ಟಿಗೆ ಕಂಡದ್ದೇ ಮುಚ್ಚಲು ಏನಾದರೂ ಸಿಕ್ಕೀತೇ ಎಂದು ಅವರು ಹುಡುಕಿದರು.

"ಅದು ಬರೀ ಖಾಲಿ ಡಬ್ಬ ಅತ್ತೆ, ಧೈರ್ಯವಾಗಿ ಮಾತಾಡಿ."

"ಹಾಗಾದ್ರೆ ಕೇಳು. ಗೋಡೆ ಮೇಲಿನ ಚಿತ್ರ ಒಂದೂ ನಂಗೆ ಕಾಣ್ತಿಲ್ಲ. ಕಣ್ಣು ಮಂಜಾಗಿದೆ. ಮಗನಿಗೆ ಮಾತ್ರ ಹೇಳ್ಬೇಡ, ನನ್ನ ಹೊಲಿಗೆ ಮಷಿನ್ ಮಾರಿಬಿಡ್ತಾನೆ."

ಮರುದಿನ ನೀವು ನನ್ನ ಗಂಡನ ಎದುರೇ ನಗುನಗುತ್ತಾ ಕೇಳಿದಿರಿ: "ಅಮ್ಮನವರ ಕಣ್ಣು ಹೇಗಿದೆ? ನಂಗೊಬ್ರು ಒಳ್ಳೆ ಡಾಕ್ಟ್ರು ಗೊತ್ತು."

ನಿಮಗೆ ಯಾರು ಹೇಳಿದರು? ಜನ ಬಂದರೆ ತಾವೇ ಹೊತ್ತಿಕೊಳ್ಳುವ ಜಾಣ ದೀಪಗಳನ್ನು ಚಾವಣಿಗೆ ಹಾಕಿಸಿದ್ದೀರಲ್ಲ, ಅವುಗಳ ಬಗ್ಗೆ ನಿಮ್ಮ ಕಚೇರಿಯಲ್ಲಿ ವಿಚಾರಿಸಿದೆ. "ಭದ್ರತೆಗೆ ಮೇಡಂ, ಮಾತೂ ದಾಖಲಾಗುತ್ತೆ" ಎಂದರು, ಗಾಳಿ ಬೆಳಕಿನ ವಿಷಯ ಹೇಳುವಷ್ಟು ಸಲೀಸಾಗಿ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದಾರಿಹೋಕನಿಗೆ ದಂಡ ಹಾಕುವುದು ಯಾವ ನ್ಯಾಯ? ನೀವು ಒಳ್ಳೆಯ ಮನಸ್ಸಿನಿಂದಲೇ ಕೇಳಿದಿರಿ ಎಂದು ನಂಬುತ್ತೇನೆ. ನನಗೆ ಭಯ ಹೆಚ್ಚಾದದ್ದೂ ಅದಕ್ಕೇ. ಕದ್ದು ಕೇಳಿದ್ದು ನಿಮಗೆ ಕದ್ದದ್ದು ಅಂತಲೇ ಅನ್ನಿಸಿಲ್ಲ.

ಹೊಲಿಗೆ ಯಂತ್ರ ಆ ವಾರವೇ ಹೋಯಿತು. ಗುಟ್ಟು ಬಿಟ್ಟುಕೊಟ್ಟವಳು ನಾನೇ ಎಂದು ಅತ್ತೆ ನಂಬಿದ್ದಾರೆ. ದೀಪ ಕೇಳಿಸಿಕೊಂಡಿತು ಎಂದರೆ, "ದೀಪಕ್ಕೆ ಬಾಯಿ ಎಲ್ಲಿದೆಯಮ್ಮ?" ಅನ್ನುತ್ತಾರೆ.

ಪ್ರದರ್ಶನ ತೆರೆಯಿರಿ, ಬಿಡಿ, ಅದು ಆಮೇಲಿನ ಮಾತು. ಮೊದಲು ನಮ್ಮ ಮನೆಗೆ ಬನ್ನಿ. ಅತ್ತೆಯ ಎದುರು ಕೂತು, ಅವರ ಮಾತು ನಿಮ್ಮ ಕಿವಿಗೆ ಹೇಗೆ ಬಿತ್ತೆಂದು ನಿಮ್ಮ ಬಾಯಿಂದಲೇ ಹೇಳಿ. ತಡಮಾಡಬೇಡಿ. ಈಗ ಪಾತ್ರೆ ಶೆಲ್ಫಿನಲ್ಲೇ ಇರುತ್ತದೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಅತ್ತೆ ಪೆಟ್ಟಿಗೆಯತ್ತ ತಿರುಗಿ, "ಹಾಡು ಹಾಕಪ್ಪ" ಅನ್ನುತ್ತಾರೆ.

ಇಂತಿ,
ಡಬ್ಬ ಖಾಲಿ ಎಂದು ಅತ್ತೆಯನ್ನು ನಂಬಿಸಿ,
ಚಾಡಿಕೋರಿ ಎನಿಸಿಕೊಂಡ ಸೊಸೆ