ಬರೇ ಸರಿಗಮ ನುಡಿಸು

ಶರಣೀ,

ಅಜ್ಜನ್ನ ಕೊಪ್ಪಳದ ದವಾಖಾನಿಗೆ ಕರ್ಕೊಂಡು ಹೊಂಟೇವಿ. ರೊಟ್ಟಿ ಬುಟ್ಟ್ಯಾಗ ಅದಾವ, ಉಪವಾಸ ಕೂಡಬ್ಯಾಡ.

ಹಾರ್ಮೋನಿಯಂ ಪೆಟಗಿ ಹಿಡಿದು ಮೂರು ತಿಂಗಳಾಗಿಲ್ಲ, ನಿನಗ್ಯಾಕ ಬೇಕಿತ್ತವಾ ಆ ಭೈರವಿ ತಾನ? "ಸರಿಗಮ ಕೈಗೆ ಕೂಡೂತನಕ ಮುಂದಿಂದು ಮುಟ್ಟಬ್ಯಾಡ" ಅಂತ ಅಜ್ಜ ಹೇಳಿದ್ದಿಲ್ಲೇನು? ಹೋದ ತಿಂಗಳ ಲಕ್ವಾ ಹೊಡದು ಅವರ ಬಾಯಿ, ಬಲಗೈ ಹೋಗ್ಯಾವ, ಕಿವಿ ಹೋಗಿಲ್ಲ. ನೀ ತಪ್ಪಿದ್ದನ್ನ ತಿದ್ದಾಕಂತ ಏಳಾಕ ಹೋಗಿ ಮಂಚದಿಂದ ಬಿದ್ರು. ನೀ ಅಳಕೋತ ಓಡಿಹೋದಿ.

ಬೈಯಾಕ ನನಗ ಈಗ ಪುರಸೊತ್ತಿಲ್ಲ. ಪೆಟಗಿ ಮಾತ್ರ ಮುಚ್ಚಿಡಬ್ಯಾಡ. ಬರೇ ಸರಿಗಮ, ಸಾವಕಾಶ ನುಡಿಸಿ ನನ್ನ ಫೋನಿಗೆ ಕಳಸು. ಅಜ್ಜಗ ಎಚ್ಚರಿಲ್ಲ. ಆದ್ರೂ ಅವರ ಎಡಗೈ, ಪೆಟಗಿಗೆ ಗಾಳಿ ಹಾಕಿದಂಗ, ಹಾಸಿಗಿ ಮ್ಯಾಲ ಇನ್ನೂ ಆಡಾಕ ಹತ್ತೇತಿ.

ಅವ್ವ