ಗಳಗನಾಥದ ಹೊಳೆಯಲ್ಲಿ ಸಿಕ್ಕ ಚಿಪ್ಪು

೧೨ ನವೆಂಬರ್ ೨೦೦೬, ಭಾನುವಾರ. ರಾಣೆಬೆನ್ನೂರು

ರೊಟ್ಟಿ ತಟ್ಟುವಾಗ ಇವರು ಬಂದರು. ಕಂಪನಿಯ ಬೀಜ ಬೆಳೆಸುವ ಪ್ಲಾಟು ನೋಡಲು ಗಳಗನಾಥಕ್ಕೆ ಹೋಗಿದ್ದವರು. ಹಿಟ್ಟಿನ ಕೈಗೇ ಒಂದು ಚಿಪ್ಪು ಇಟ್ಟರು.

“ಹೊಳ್ಯಾಗ ಸಿಕ್ತು. ನಿನ್ನ ಕಾಲೇಜಿಗೆ ಬೇಕಾದೀತು ಅಂತ ತಂದೇನಿ.”

ಸಣ್ಣ ಟೋಪಿಯಂಥದು. ಸುರುಳಿಯೇ ಇಲ್ಲ. ಖುಷಿಯಾಯಿತು. ಮದುವೆಯಾದಾಗಿನಿಂದ ನನ್ನ ಜುವಾಲಜಿಯ ಕಡೆ ತಲೆ ಹಾಕದ ಮನುಷ್ಯ — ಅದಕ್ಕೇ ಸ್ವಲ್ಪ ಅನುಮಾನವೂ ಆಯಿತು.

೧೩, ಸೋಮವಾರ

ಲ್ಯಾಬಿನಲ್ಲಿ ಲೆನ್ಸ್ ಹಿಡಿದು ನೋಡಿದೆ. ಹೊಳೆಯದ್ದಲ್ಲ. ಇಂಥ ಟೋಪಿಚಿಪ್ಪಿನ ಹುಳುವಿಗೆ ಲಿಂಪೆಟ್ ಅನ್ನುತ್ತೇವೆ; ಸಿಹಿನೀರಿನದು ಪುಟ್ಟದು, ತೆಳು. ಇದು ದಪ್ಪ, ಮೈತುಂಬ ಏಣು. ಒಳಗೆ ಸ್ನಾಯುವಿನ ಗುರುತು ಲಾಳದ ಹಾಗೆ, ತಲೆಯ ಕಡೆ ತೆರೆದಿದೆ. ಪಕ್ಕಕ್ಕೆ ತೆರೆದಿದ್ದರೆ ಸುಳ್ಳು ಲಿಂಪೆಟ್. ಇದು ಅಸಲಿ. ಬಸವನಹುಳುಗಳ ದೊಡ್ಡ ವಂಶದಲ್ಲಿ ಬಹಳ ಹಿಂದೆಯೇ ಬೇರೆಯಾದ ಮನೆತನ. ಇರುವುದು ಸಮುದ್ರದ ಬಂಡೆಯ ಮೇಲೆ.

ಚಿಪ್ಪು ಸುಳ್ಳು ಹೇಳುವುದಿಲ್ಲ. ಹೇಳಿದವರು ಇವರು.

ಜೊತೆಯ ಲೆಕ್ಚರರ್ ಮೀನಾಕ್ಷಿ ನಕ್ಕಳು. “ಗಂಡಸ್ರು ಸಮುದ್ರಕ್ಕ ಒಬ್ರಽ ಹೋಗೂದಿಲ್ಲ ಬಿಡ್ರಿ.”

೧೫, ಬುಧವಾರ

ಗಳಗನಾಥದ ಪ್ಲಾಟಿನ ನಾಗಪ್ಪನಿಗೆ ಏನೋ ನೆಪ ಹೇಳಿ ಫೋನ್ ಮಾಡಿದೆ.

“ಸಾಹೇಬ್ರು ದೀಪಾವಳಿ ಆದಮ್ಯಾಲ ಈ ಕಡೆ ಬಂದಽ ಇಲ್ರಿ ಅಕ್ಕಾರ.”

ಇವರ ಅಂಗಿ ಮೂಸಿದೆ. ಫಿನಾಯಿಲ್ ವಾಸನೆ. ಯಾವುದೋ ಲಾಡ್ಜು. ಊಟ ಬೇರೆ ಅರ್ಧಕ್ಕೆ ಬಿಡುತ್ತಾರೆ. ಈ ವಯಸ್ಸಿನಲ್ಲಿ ಹೊಟ್ಟೆ ಕರಗಿಸಿ ಯಾರಿಗೆ ತೋರಿಸಬೇಕೋ!

೨೪, ಶುಕ್ರವಾರ

ಮತ್ತೆ ಬ್ಯಾಗು. ಮತ್ತೆ ಗಳಗನಾಥವಂತೆ. ಕೇಳಲಿಲ್ಲ. ಬರಲಿ...

೨೬, ಭಾನುವಾರ

ತಾಟಿನ ಪಕ್ಕ ಚಿಪ್ಪು ಇಟ್ಟೆ.

“ಇದು ಸಮುದ್ರದ್ದು. ಯಾರ ಸಂಗಾಟ ಹೋಗಿದ್ರಿ?”

ಇವರು ತಾಟು ಪಕ್ಕಕ್ಕೆ ಸರಿಸಿದರು.

“ಒಬ್ಬನಽ. ಮಲ್ಪೆ ದಂಡಿಗೆ. ರಿಪೋರ್ಟು ಸಂಜಿಮುಂದ ಕೊಡ್ತೇವಿ ಅಂದ್ರು. ಅಲ್ಲೀಮಟ ಆಸ್ಪತ್ರ್ಯಾಗ ಕುಂದ್ರಾಕ ಆಗ್ಲಿಲ್ಲ. ಕಲ್ಲಿನ ಮ್ಯಾಲ ಇದು ಕಾಣ್ತು. ನೀ ಖುಷಿ ಆಗ್ತಿ ಅನಿಸ್ತು.”

ಮಲ್ಪೆ. ಮಣಿಪಾಲದ ಪಕ್ಕ. ನಮ್ಮ ಕಡೆಯವರು ಮಣಿಪಾಲಕ್ಕೆ ಹೋಗುವುದು ಹುಬ್ಬಳ್ಳಿಯ ಡಾಕ್ಟರು ಕೈಚೆಲ್ಲಿದ ಮೇಲೆ.

“ಏನ್ ಅಂದ್ರು ಅಲ್ಲಿ?”

“ಲಗೂ ಬರಬೇಕಿತ್ತು ಅಂದ್ರು, ಪುಷ್ಪಾ.”

ಇವರು ಮಲಗಿದ್ದಾರೆ. ನಾನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೊಬ್ಬಳು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಬಾಯಿಗೆ ಬಂದ ಹಾಗೆ ಬೈದು, ಹೊಸರಿತ್ತಿಗೆ, ತವರಿಗೆ ಹೋಗಿ ಕೂತುಬಿಡುತ್ತಿದ್ದೆ. ಈಗ ಎಲ್ಲಿಗೆ...